ನರಕಕ್ಕ ಅಂಜೋದು ತರ್ಕಕ್ಕ ಒಪ್ಪೋ ಮಾತಾ?

ಅಂಜಿಕಿ ಬರೋದು ಸಹಜ ಅದರಿ, ಆದ್ರ ಅದಕ್ಕ ತರ್ಕದ ಆಧಾರ ಇಲ್ಲ ಅಂತೀನಿ ನಾನು. ಮನ್ಯಾಗ ಯಾರರೆ ತೀರಿಕೊಂಡ್ರ ಕೆಲವ್ರು ಗರುಡ ಪುರಾಣ ಓದಸ್ತಾರ, ಅದ್ರಾಗಿನ ಕುಂಭೀಪಾಕ, ಅಂದ್ರ ಕಾದ ಎಣ್ಣ್ಯಾಗ ಕುದಿಸೋ ಶಿಕ್ಷೆ, ಸಣ್ಣ ಹುಡುಗ್ರು ಕೇಳಿದ್ರಂದ್ರ ಆ ಎಣ್ಣಿ ಕೊಪ್ಪರಿಗಿ ಮುಪ್ಪಾದ್ರೂ ಕಣ್ಣ ಮುಂದಿಂದ ಹೋಗಂಗಿಲ್ಲ, ಬುದ್ಧಿ ಬೆಳಿಯೋ ಮೊದ್ಲೇ ಒಳಗ ಕುಂತ ಭಯ ಆಮ್ಯಾಲೆ ಬುದ್ಧಿ ಮಾತು ಕೇಳಂಗಿಲ್ಲ.

17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಪ್ಯಾಸ್ಕಲ್ ಒಂದು ಲೆಕ್ಕ ಹಾಕಿದ್ದ: ದೇವ್ರನ್ನ ನಂಬಿದ್ರ ಕಳಕೊಳ್ಳೋದು ಸ್ವಲ್ಪ, ದೇವ್ರು ಖರೇನ ಇದ್ರ ಸಿಗೋದು ಅನಂತ, ಹಂಗಾಗಿ ನಂಬೋದೇ ಜಾಣತನ ಅಂತ. ಆದ್ರ ಯಾವ ದೇವ್ರು? ನಮ್ಮ ಕಲಬುರಗ್ಯಾಗ ಶರಣಬಸವೇಶ್ವರ ಗುಡಿನೂ ಅದ, ಬಂದೇ ನವಾಜ್ ದರ್ಗಾನೂ ಅದ, ಚರ್ಚೂ ಅದ, ಒಂದು ಧರ್ಮದ ನರಕ ತಪ್ಪಿಸ್ಕೊಳ್ಳಾಕ ಹೋದ್ರ ಇನ್ನೊಂದರದ್ದು ಬಾಯಿ ತಕ್ಕೊಂಡು ಕುಂತಿರ್ತದ, ಎಲ್ಲಾದಕ್ಕೂ ಒಮ್ಮೆಲೇ ಅಂಜಾಕ ಆಗ್ತದೇನ್ರಿ?

12ನೇ ಶತಮಾನದಾಗೇ ನಮ್ಮ ಬೀದರ ಸೀಮ್ಯಾಗಿನ ಕಲ್ಯಾಣದಾಗ ಬಾಳಿದ ಬಸವಣ್ಣ ಆಚಾರವೇ ಸ್ವರ್ಗ ಅನಾಚಾರವೇ ನರಕ ಅಂದಾರ, ನನಗ ಇದೇ ಖರೆ ಅನಿಸ್ತದ. ಮಾಡಿದ ತಪ್ಪಿಗೆ ಅಂಜೋದು ಬ್ಯಾರೆ, ಅದು ಕೆಲಸಕ್ಕ ಬರ್ತದ, ಹೋಗಿ ಕ್ಷಮೆ ಕೇಳಬಹುದು, ತಗೊಂಡ ರೊಕ್ಕ ತಿರುಗಿ ಕೊಡಬಹುದು. ನರಕದ ವಿಚಾರಕ್ಕ ನಿದ್ದಿನೇ ಹತ್ತವಲ್ದು ಅಂದ್ರ ಮಾತ್ರ ವಾದ ಬಿಟ್ಟು ಮನೋವೈದ್ಯರ ಹತ್ರ ಹೋಗ್ರಿ, ಅಂಥ ಭಯಕ್ಕ ಟ್ರೀಟ್‌ಮೆಂಟ್ ಅದ.