ಆ ಬೆಳ್ಳಿ ನಾಣ್ಯ 800 ವರ್ಷ ಹಳೆಯದಲ್ಲ

ಪ್ರಶ್ನೆ: ಪೋಲೆಂಡಿನಲ್ಲಿ ಕೆಲಸದಲ್ಲಿರುವ ಮಗ ಒಂದು ಬೆಳ್ಳಿ ನಾಣ್ಯ ತಂದುಕೊಟ್ಟಿದ್ದಾನೆ. ಅದು ಹಿಂದೆ ಪೋಲೆಂಡ್ ಆಳಿದ ಮೂರನೇ ಮಿಯೆಷ್ಕೊನ ಕಾಲದ ತೆಳು ನಾಣ್ಯ, ಬ್ರಾಕ್ಟಿಯೇಟ್ ಅಂತೆ. 800 ವರ್ಷ ಹಳೆಯದು ಅಂದರೆ ಮನೆಯವಳು ನಗುತ್ತಾಳೆ. ಎಷ್ಟು ಬೆಲೆ ಬರಬಹುದು?

ಉತ್ತರ: ನಕ್ಕಿದ್ದು ಸರಿಯಾಗೇ ಇದೆ. ಅದು ಪೋಲೆಂಡಿನ ರಾಷ್ಟ್ರೀಯ ಬ್ಯಾಂಕ್ ‘ಪೋಲಿಷ್ ನಾಣ್ಯದ ಇತಿಹಾಸ’ ಸರಣಿಯಲ್ಲಿ ಹೊರತಂದ ಸ್ಮರಣಾರ್ಥ ನಾಣ್ಯ. ಎಷ್ಟು ಜ್ಲೋಟಿ (ಪೋಲೆಂಡಿನ ಹಣ), ಇಸವಿ ಯಾವುದು, ಎಲ್ಲ ಅದರ ಮೇಲೇ ಇದೆ. ಅದನ್ನು ಓದದೆ ನನ್ನನ್ನು ಕೇಳುವವರು ನೀವೇ ಮೊದಲಲ್ಲ.

12ನೇ ಶತಮಾನದ ಅಸಲಿ ಬ್ರಾಕ್ಟಿಯೇಟ್ ಕೈಗೆ ಬಂದರೆ ಅದು ನಾಣ್ಯ ಅಂತಲೇ ನಿಮಗೆ ಅನ್ನಿಸದು. ಬರೀ ಬೆಳ್ಳಿ ತಗಡಿನ ಚೂರು, ಒಂದು ಗ್ರಾಂ ಕೂಡ ತೂಗುವುದಿಲ್ಲ. ಒಂದೇ ಕಡೆ ಅಚ್ಚು. ಮುಂದೆ ಉಬ್ಬಿದ್ದು ಹಿಂದೆ ಗುಳಿ. ಟಂಕಸಾಲೆ ನಡೆಸುತ್ತಿದ್ದವರು ಯಹೂದಿಗಳಾದ್ದರಿಂದ ಕೆಲವದರ ಮೇಲೆ ಹೀಬ್ರೂ ಅಕ್ಷರಗಳಲ್ಲಿ ಪೋಲಿಷ್ ಮಾತು ಬರೆದಿದೆ: ‘ಮಿಯೆಷ್ಕೊ, ಪೋಲೆಂಡಿನ ರಾಜ’. ಅವನಿಗೆ ಪಟ್ಟಾಭಿಷೇಕವೇ ಆಗಿರಲಿಲ್ಲ ಅನ್ನೋದು ಬೇರೆ ಮಾತು, ಅವನು ಡ್ಯೂಕ್ ಅಷ್ಟೇ. ಆ ಕಾಲದ ಆಳುವವರು ಹಳೇ ನಾಣ್ಯ ವಾಪಸ್ ತರಿಸಿ, ಕಡಿಮೆ ಬೆಳ್ಳಿಯ ಹೊಸದನ್ನು ಕೊಟ್ಟು, ನಡುವೆ ಉಳಿದದ್ದನ್ನು ಬೊಕ್ಕಸಕ್ಕೆ ಹಾಕಿಕೊಳ್ಳುತ್ತಿದ್ದರು. ಹಾಗೆ ಬೆಳ್ಳಿ ಕದ್ದು ತೆಳುವಾದ ನಾಣ್ಯಕ್ಕೆ ಈಗ ದಪ್ಪ ಬೆಳ್ಳಿಯಲ್ಲಿ ಗೌರವ! ನನಗಂತೂ ಈ ಸರಣಿಯಲ್ಲಿ ಇದೇ ಇಷ್ಟ.

ಬೆಲೆ? ಬೆಳ್ಳಿಯ ತೂಕದ ಹಣ, ಮೇಲೆ ಸಂಗ್ರಾಹಕ ಕೊಟ್ಟಷ್ಟು. ಡಬ್ಬಿ, ಸರ್ಟಿಫಿಕೇಟ್ ಇದ್ದರೆ ಎಸೆಯಬೇಡಿ. ‘ಹತ್ತು ವರ್ಷಕ್ಕೆ ಹತ್ತು ಪಟ್ಟು’ ಅನ್ನುವವರಿಗೆ, ಹಾಗಾದರೆ ನೀವ್ಯಾಕೆ ಮಾರ್ತಿದ್ದೀರಿ ಅಂತ ಕೇಳಿ.

ಪ್ರಶ್ನೆ: ಕಪ್ಪಾಗಿದೆ. ವಿಭೂತಿ ಹಾಕಿ ತಿಕ್ಕಲಾ?

ಉತ್ತರ: ಬೇಡ. ಟೂತ್‌ಪೇಸ್ಟೂ ಬೇಡ. ವಿಭೂತಿ ದೇವರ ಮನೆಯ ಬೆಳ್ಳಿ ಲೋಟಕ್ಕೆ ಇರಲಿ. ಕನ್ನಡಿಯಂಥ ಮೈಗೆ ಒಮ್ಮೆ ಗೀರು ಬಿದ್ದರೆ ಮುಗಿಯಿತು. ಪಿವಿಸಿ ಕವರಿನಲ್ಲಿದ್ದರೆ ಇವತ್ತೇ ತೆಗೆಯಿರಿ, ಅಂಚು ಹಿಡಿದು.

ಪ್ರಶ್ನೆ: ಪೋಲೆಂಡಿನ ಹಳೇ ರಾಜ ವೊಕಿಯೆತೆಕ್‌ನ ಅಸಲಿ ಚಿನ್ನದ ನಾಣ್ಯ, ಫ್ಲೋರಿನ್, ಒಬ್ಬರು ಕೊಡ್ತಾರಂತೆ. ಕೊಳ್ಳಬಹುದಾ?

ಉತ್ತರ: ಜಗತ್ತಿಗೆ ಗೊತ್ತಿರುವುದು ಒಂದೇ ಒಂದು. ಅದು ಪೋಲೆಂಡಿನ ಕ್ರಾಕೋವ್ ಊರಿನ ಮ್ಯೂಸಿಯಮ್ಮಿನಲ್ಲಿದೆ.

ಪ್ರಶ್ನೆ: ನನ್ನ ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ರಿಸರ್ವ್ ಬ್ಯಾಂಕ್ ಶುಲ್ಕ ಕಟ್ಟಿ ಅಂತಿದ್ದಾರೆ.

ಉತ್ತರ: ಇದು ಮೋಸ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ. ಫೋನ್ ಇಡಿ.