ಪಿತ್ತಕೋಶದ ಕಲ್ಲು ಯಾವ ತರದ್ದು ಅಂತ ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುತ್ತದಾ?

ರಿಪೋರ್ಟ್‌ನಲ್ಲಿ 8 ಎಂಎಂ ಕಲ್ಲು ಅಂತಿದೆ, ಯಾವ ತರದ್ದು ಅಂತ ಬರೆದಿಲ್ಲ, ಅದಕ್ಕೆ ಸಿಟಿ ಸ್ಕ್ಯಾನ್ ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಪಿತ್ತಕೋಶ ತೆಗೆಸಿಕೊಂಡವಳು. ಬರೀ ಅದಕ್ಕೋಸ್ಕರ ಸಿಟಿ ಬೇಡ ಅಂತಲೇ ನನಗನ್ನಿಸುತ್ತದೆ. ಕೊಲೆಸ್ಟ್ರಾಲ್ ಕಲ್ಲು ಎಷ್ಟೋ ಸಲ ಸಿಟಿಯಲ್ಲಿ ಕಾಣುವುದೇ ಇಲ್ಲ. ಎಕ್ಸ್‌ರೇಯಲ್ಲಂತೂ ನೂರಕ್ಕೆ 10-15 ಕಲ್ಲು ಕಂಡರೆ ಹೆಚ್ಚು.

ಪಿತ್ತಕೋಶದೊಳಗಿನ ಕಲ್ಲಿಗೆ ಸಾದಾ ಹೊಟ್ಟೆ ಸ್ಕ್ಯಾನಿಂಗೇ (ಅಲ್ಟ್ರಾಸೌಂಡ್) ಒಳ್ಳೆಯದು. ಕಲ್ಲು ಬೆಳ್ಳಗೆ ಕಾಣುತ್ತದೆ, ಹಿಂದೆ ಕಪ್ಪು ನೆರಳು ಬೀಳುತ್ತದೆ, ಮಗ್ಗುಲು ಬದಲಿಸಿದರೆ ಉರುಳುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನಾನು ಕಾಫಿ ಕುಡಿದು ಹೋಗಿ, ಬೈಸಿಕೊಂಡು ವಾಪಸ್ ಬಂದಿದ್ದೆ. ಏನಾದರೂ ಹೊಟ್ಟೆಗೆ ಬಿದ್ದರೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಒಳಗಿರುವುದು ಸರಿಯಾಗಿ ಕಾಣುವುದಿಲ್ಲ.

ಅದಕ್ಕೂ ಮುಂಚೆ ಎಂಟು ತಿಂಗಳು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದ್ದೆ. ಮದುವೆ ಊಟ ಮಾಡಿದ ರಾತ್ರಿಯೇ ಬಲಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು, ಬೆನ್ನಿನಿಂದ ಬಲಭುಜದವರೆಗೆ ನೋವು ಹೋಗುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ, ನನಗೂ.

ಇನ್ನು ಕಲ್ಲಿನ ಜಾತಿ. ಕೊಲೆಸ್ಟ್ರಾಲ್ ಕಲ್ಲು ಹಳದಿ ಬಣ್ಣದ್ದು. ತೂಕ ಜಾಸ್ತಿ ಇರುವವರಲ್ಲಿ, ಬಸುರಿಯರಲ್ಲಿ, ಗಬಕ್ಕನೆ ತೂಕ ಇಳಿಸಿದವರಲ್ಲೂ ಆಗುತ್ತದೆ. ಕಪ್ಪು ಕಲ್ಲು ಬಿಲಿರುಬಿನ್‌ನಿಂದ, ಅಂದರೆ ಕೆಂಪು ರಕ್ತಕಣ ಒಡೆದಾಗ ಬರುವ ಹಳದಿ ವಸ್ತುವಿನಿಂದ ಆಗುವುದು. ಥಲಸ್ಸೀಮಿಯಾ, ಸಿಕಲ್‌ಸೆಲ್ ತರ ಕೆಂಪು ರಕ್ತಕಣ ಬೇಗ ಒಡೆಯುವ ಕಾಯಿಲೆಯಲ್ಲಿ, ಲಿವರ್ ಸಿರೋಸಿಸ್‌ನಲ್ಲಿ ಜಾಸ್ತಿ. ಕಂದು ಕಲ್ಲು ಸೋಂಕಿನಿಂದ, ಹೆಚ್ಚಾಗಿ ಪಿತ್ತನಾಳದಲ್ಲೇ ಬೆಳೆಯುತ್ತದೆ. ಎಲ್ಲವೂ ಬೆರೆತ ಕಲ್ಲುಗಳೂ ಬೇಕಾದಷ್ಟು. ಉತ್ತರ ಭಾರತದವರಲ್ಲಿ ಕೊಲೆಸ್ಟ್ರಾಲ್ ಕಲ್ಲೇ ಮುಂದು, ನಮ್ಮ ದಕ್ಷಿಣದಲ್ಲಿ ಕಪ್ಪು, ಕಂದು ಕಲ್ಲುಗಳು ಅಲ್ಲಿಗಿಂತ ಹೆಚ್ಚು.

ನನ್ನವು ಯಾವುವು ಅಂತ ಗೊತ್ತಾಗಿದ್ದು ಆಪರೇಷನ್ ಆದ ಮೇಲೆ. ಸರ್ಜನ್ ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟರು, ಥೇಟ್ ಕರಿಮೆಣಸು! ಕಪ್ಪಗಿವೆ ಅಂತ ರಕ್ತಕಣ ಒಡೆಯುತ್ತಿವೆಯಾ ಅಂತಲೂ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ.

ಹಾಗಾಗಿ ಜಾತಿಗಿಂತ ಕಲ್ಲು ಎಲ್ಲಿದೆ ಅಂತ ಕೇಳಿ. ಪಿತ್ತನಾಳಕ್ಕೆ ಜಾರಿದ ಕಲ್ಲು ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ತಪ್ಪಿಹೋಗಬಹುದು. ಎಲ್‌ಎಫ್‌ಟಿಯಲ್ಲಿ (ಲಿವರ್‌ನ ರಕ್ತಪರೀಕ್ಷೆ) ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಎಂಆರ್‌ಸಿಪಿ, ಅಂದರೆ ಪಿತ್ತನಾಳ ನೋಡುವ ಎಂಆರ್‌ಐ ಸ್ಕ್ಯಾನ್ ಬರೆದುಕೊಡುತ್ತಾರೆ. ಇಆರ್‌ಸಿಪಿ ಬೇರೆ, ಅದು ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ತೆಗೆಯುವುದಕ್ಕೆ. ಹೆಸರು ಒಂದೇ ತರ ಇದೆಯಲ್ವಾ, ನಾನೂ ಗೊಂದಲ ಮಾಡಿಕೊಂಡಿದ್ದೆ.

ಬಾಳೆದಿಂಡಿನ ರಸ ಕುಡಿ ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ. ಕಿಡ್ನಿ ಕಲ್ಲಿಗೆ ಹೇಳುವ ಮದ್ದು ಅದು. ಕಿಡ್ನಿಯ ದಾರಿಯೇ ಬೇರೆ, ಪಿತ್ತಕೋಶದ ದಾರಿಯೇ ಬೇರೆ. ನೋವೇ ಇಲ್ಲದಿದ್ದರೆ ಸಾಮಾನ್ಯವಾಗಿ ಸುಮ್ನೆ ಬಿಡಿ ಅನ್ನುತ್ತಾರೆ. ಆದರೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಗಂಟೆಗಟ್ಟಲೆ ಬಿಡದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.