ಒಂಬತ್ತು ಓದಿದ್ದೀನಿ, ಹತ್ತನೆಯದರಲ್ಲಿ ಸಿಕ್ಕಿಕೊಂಡಿದ್ದೀನಿ. ಬಿಡಲಾ, ಮುಗಿಸಲಾ?

ಹತ್ತನೇ ಪುಸ್ತಕ ಅಂದಿರಲ್ಲ, ಅಲ್ಲೇ ಅರ್ಥವಾಯಿತು. ಹದಿನಾಲ್ಕು ಪುಸ್ತಕಗಳ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿ ‘ವೀಲ್ ಆಫ್ ಟೈಮ್’ ಹಿಡಿದ ಎಷ್ಟೋ ಜನ ಮುಗ್ಗರಿಸುವುದು ಅಲ್ಲೇ. ಈಗ ಬಿಟ್ಟರೆ ಓದಿದ ಒಂಬತ್ತೂ ವ್ಯರ್ಥ ಅನಿಸುತ್ತೆ, ಗೆಳತಿ ಕೊಟ್ಟ ‘ಕರ್ವಾಲೊ’ ಎರಡು ತಿಂಗಳಿಂದ ಮೇಜಿನ ಮೇಲೇ ಇದೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ನನ್ನ 2015ನೇ ಇಸವಿಯೇ ಕಣ್ಮುಂದೆ ಬಂತು.

ನಾನು ಶುರು ಮಾಡಿದ್ದು 2014ರಲ್ಲಿ, ಕೆಲಸಕ್ಕೆ ಅಂತ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದ ಹೊಸದರಲ್ಲಿ. ಬಿಟಿಎಂ ಲೇಔಟ್‌ನ ಒಂದು ಪಿಜಿ. ರೂಮಿನ ಗೆಳೆಯ ಮೊದಲ ಪುಸ್ತಕ ಕೈಗಿಟ್ಟ. ಕುರಿ ಕಾಯುವ ಹುಡುಗ ರ್‍ಯಾಂಡ್, ಅವನ ಊರಿನವರೇ ಆದ ಮ್ಯಾಟ್, ಪೆರಿನ್. ಊರು ಬಿಟ್ಟು ಬಂದು ಅಮ್ಮನ ಅಡುಗೆ ನೆನೆಸಿಕೊಳ್ಳುತ್ತಿದ್ದ ನನಗೆ ಆ ಮೂವರೂ ನನ್ನವರೇ ಅನಿಸಿಬಿಟ್ಟರು. ಮೊದಲ ಆರು ಪುಸ್ತಕ ಏಳು ತಿಂಗಳಲ್ಲಿ ಮುಗಿದವು. ಆಫೀಸ್ ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತಿದ್ದೆ. ಆಮೇಲೆ ನಿಧಾನವಾಯಿತು, ಆದರೂ ಸಾಗಿತು. ಒಂಬತ್ತನೆಯದರ ಕೊನೆ ನೆನಪಿದೆ ಅಲ್ವಾ? ಸೈಡಿನ್, ಅಂದರೆ ಆ ಕಥೆಯಲ್ಲಿ ಗಂಡಸರು ಬಳಸುವ ಮಾಂತ್ರಿಕ ಶಕ್ತಿ, ಅದರ ಮೇಲೆ ಮೂರು ಸಾವಿರ ವರ್ಷದಿಂದ ಕೂತಿದ್ದ, ಅದನ್ನು ಬಳಸುವ ಗಂಡಸರನ್ನು ಹುಚ್ಚರನ್ನಾಗಿ ಮಾಡುತ್ತಿದ್ದ ಆ ಹೊಲಸನ್ನು ರ್‍ಯಾಂಡ್ ಮತ್ತು ಅವನ ಊರಿನವಳೇ ಆದ ನೈನೀವ್ ಸೇರಿ ತೊಳೆಯುವುದು. ರಾತ್ರಿ ಎರಡು ಗಂಟೆಗೆ ಓದಿ ಮುಗಿಸಿ ಟೆರೇಸಿಗೆ ಹೋಗಿ ನಿಂತಿದ್ದೆ. ನಿದ್ದೆಯೇ ಬರಲಿಲ್ಲ.

ಮಾರನೇ ದಿನವೇ ಹತ್ತನೆಯದನ್ನು ತೆರೆದೆ. ಸುಮಾರು ಏಳುನೂರು ಪುಟ. ಅದರಲ್ಲಿ ಬಹುಪಾಲು, ಆ ದೊಡ್ಡ ಘಟನೆ ನಡೆಯುವಾಗ ಉಳಿದವರೆಲ್ಲ ಎಲ್ಲೆಲ್ಲಿದ್ದರು, ಏನೇನು ಮಾಡುತ್ತಿದ್ದರು ಅನ್ನುವುದೇ. ಪೆರಿನ್ ಹೆಂಡತಿ ಫೇಲ್‌ಳನ್ನು ಎಂಟನೇ ಪುಸ್ತಕದಲ್ಲಿ ಹೊತ್ತುಕೊಂಡು ಹೋದವರು ಹತ್ತರಲ್ಲೂ ಬಿಟ್ಟಿಲ್ಲ. ಅವಳು ಬಿಡುಗಡೆಯಾಗುವುದು ಹನ್ನೊಂದರಲ್ಲಿ. ಪುಸ್ತಕಗಳು ಬಂದ ಹಾಗೇ ಓದಿದವರು 1998ರಿಂದ 2005ರವರೆಗೆ ಕಾದರು. ನಿಮಗೆ ಬೇಜಾರಾಗಿದ್ದರೆ ಅದು ನಿಮ್ಮ ತಪ್ಪಲ್ಲ.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಅದನ್ನೇ ಮಾಡುತ್ತಿದ್ದೀರಿ ಅನಿಸುತ್ತಿದೆ. ಹತ್ತನೆಯದು ಬೇಜಾರಾಯಿತು ಅನ್ನುವುದು ತಪ್ಪಲ್ಲ. ನಡುವೆ ನಿಲ್ಲಿಸಿದ್ದೂ ತಪ್ಪಲ್ಲ. ‘ಇದು ಮುಗಿಯುವ ತನಕ ಬೇರೆ ಪುಸ್ತಕ ಮುಟ್ಟಲ್ಲ’ ಅಂತ ಶಪಥ ಮಾಡಿದೆನಲ್ಲ, ಅದು ತಪ್ಪು.

ಆ ಶಪಥ ಸುಮ್ನೆ ಹುಟ್ಟಲಿಲ್ಲ. ಈ ಸರಣಿ ಬರೆದ ರಾಬರ್ಟ್ ಜೋರ್ಡನ್ ಅದನ್ನು ಮುಗಿಸುವ ಮೊದಲೇ, 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಹೃದಯಕ್ಕೆ ಸಂಬಂಧಿಸಿದ ಅಪರೂಪದ ಕಾಯಿಲೆ. ಕಾಯಿಲೆಯಲ್ಲೂ ಬರೆದರು, ಕಥೆಯ ಕೊನೆ ಹೇಗಿರಬೇಕು ಅಂತ ಮನೆಯವರಿಗೆ ಹೇಳಿದರು, ಟಿಪ್ಪಣಿ ಬಿಟ್ಟು ಹೋದರು. ಅವರ ಪುಸ್ತಕಗಳನ್ನು ತಿದ್ದುತ್ತಿದ್ದವರು ಅವರ ಹೆಂಡತಿಯೇ. ಉಳಿದದ್ದನ್ನು ಮುಗಿಸಲು ಆಕೆ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಒಂದೇ ಪುಸ್ತಕ ಅಂದುಕೊಂಡಿದ್ದು ಮೂರಾಯಿತು. ಇದೆಲ್ಲ ತಿಳಿದ ಮೇಲೆ ನನಗೆ ಏನೋ ಋಣದ ಹಾಗೆ ಆಗಿಬಿಟ್ಟಿತು. ಆ ಮನುಷ್ಯ ಸಾಯುವ ತನಕ ಬರೆದ, ನನಗೆ ಕೂತು ಓದುವುದಕ್ಕೂ ಆಗಲ್ವಾ ಅಂತ. ಪಿಜಿಯಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟೆ, ಹದಿನಾಲ್ಕೂ ಮುಗಿಸೇ ಮುಗಿಸ್ತೀನಿ, ಅಲ್ಲೀವರೆಗೆ ಬೇರೆ ಯಾವುದೂ ಓದಲ್ಲ.

ಆಮೇಲೆ ಆಗಿದ್ದೇನು? ಹತ್ತನೆಯದನ್ನು ಓದಲು ಮನಸ್ಸಿಲ್ಲ. ಬೇರೆಯದನ್ನು ಓದುವ ಹಾಗಿಲ್ಲ. ಹಾಗಾಗಿ ಯಾವುದನ್ನೂ ಓದಲಿಲ್ಲ. ದಿಂಬಿನ ಪಕ್ಕ ಪುಸ್ತಕ, ಕೈಯಲ್ಲಿ ಮೊಬೈಲ್. ಎಲ್ಲೋ ಮನಸ್ಸಿನಲ್ಲಿ ‘ನಾನು ಓದುತ್ತಿದ್ದೀನಿ’ ಅನ್ನುವ ಸಮಾಧಾನ ಬೇರೆ. ತಿಂಗಳಿಗೆ ಹತ್ತು ಪುಟ. ಕೆಲವು ತಿಂಗಳು ಅದೂ ಇಲ್ಲ. ಹೀಗೇ ಒಂದೂವರೆ ವರ್ಷ. ಓದುವವನು ಅಂತ ಹೆಸರಿದ್ದವನು ನಾನು. ಬೇಜಾರಿನ ಪುಸ್ತಕ ಒಂದೇ ಒಂದಿತ್ತು. ಉಳಿದ ಪುಸ್ತಕಗಳಿಗೆಲ್ಲ ಬಾಗಿಲು ಹಾಕಿದ್ದು ನನ್ನ ಶಪಥ.

2016ರ ಮಳೆಗಾಲದಲ್ಲಿ ಅಕ್ಕ ಬಾಣಂತನಕ್ಕೆ ಮೊದಲೇ ತವರಿಗೆ ಬಂದಳು. ಏನೋ ತೊಂದರೆ ಅಂತ ಡಾಕ್ಟರ್ ಮೂರು ತಿಂಗಳು ಮಲಗಿಯೇ ಇರಬೇಕು ಅಂದಿದ್ದರು. ಹೊರಗೆ ತೀರ್ಥಹಳ್ಳಿಯ ಮಳೆ. ಟಿವಿ ನೋಡಿದರೆ ತಲೆನೋವು. ಒಂದು ದಿನ ಫೋನ್ ಮಾಡಿದಳು.

“ಪುಟ್ಟಾ, ಅಪ್ಪನ ಕಪಾಟಿನಲ್ಲಿ ‘ಮಲೆಗಳಲ್ಲಿ ಮದುಮಗಳು’ ಸಿಕ್ತು ಕಣೋ. ನೀನೂ ಒಂದು ಪ್ರತಿ ತಗೋ. ಇಬ್ಬರೂ ಒಟ್ಟಿಗೆ ಓದೋಣ. ಭಾನುವಾರ ಭಾನುವಾರ ಫೋನಲ್ಲಿ ಮಾತಾಡೋಣ.”

“ಇದೊಂದು ಮುಗಿಸಿಬಿಡ್ತೀನಿ ಇರು ಅಕ್ಕಾ. ಸ್ವಲ್ಪಾನೇ ಇದೆ” ಅಂದೆ.

ಸ್ವಲ್ಪ ಏನೂ ಇರಲಿಲ್ಲ. ಹತ್ತನೆಯದರಲ್ಲಿ ಅರ್ಧ, ಆಮೇಲೆ ಇನ್ನೂ ನಾಲ್ಕು ಪುಸ್ತಕ. ಅವಳು ಎರಡು ವಾರ ಕೇಳಿದಳು. ಮೂರನೇ ವಾರ ಕೇಳಲಿಲ್ಲ. ಒಬ್ಬಳೇ ಓದಿದಳು. ಒಂದು ರಾತ್ರಿ ಫೋನ್ ಬಂತು. ಗಂಟಲು ಕಟ್ಟಿತ್ತು. ಏನಾಯಿತೋ ಅಂತ ನನಗೆ ಎದೆ ಧಸಕ್ಕೆಂದಿತು. “ಗುತ್ತಿಯ ನಾಯಿ ಹುಲಿಯ ಹೊಳೆಪಾಲಾಯ್ತು ಕಣೋ” ಅಂದಳು. ಗುತ್ತಿ ಯಾರು ಅಂತ ನನಗೆ ಗೊತ್ತಿರಲಿಲ್ಲ. “ಹೌದಾ” ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಸರಿ, ಮಲಗು” ಅಂತ ಫೋನ್ ಇಟ್ಟಳು.

ಆ ರಾತ್ರಿ ಹತ್ತನೇ ಪುಸ್ತಕ ತೆಗೆದು ನೋಡಿದೆ. ಗುರುತಿಗೆ ಇಟ್ಟಿದ್ದು ಊರಿಗೆ ಹೋಗಿ ಬಂದ ಕೆಎಸ್‌ಆರ್‌ಟಿಸಿ ಬಸ್ಸಿನ ಟಿಕೆಟ್. ಅದರ ಮೇಲಿನ ದಿನಾಂಕ, ಊರಿನ ಹೆಸರು, ರೇಟು ಎಲ್ಲ ಅಳಿಸಿ ಬರೀ ಬಿಳಿ ಕಾಗದ ಆಗಿತ್ತು. ಪುಟ ಮಾತ್ರ ಅದೇ ಇತ್ತು. ಅಲ್ಲಿಗೆ ಬಿಟ್ಟೆ. ಹನ್ನೊಂದನೆಯದನ್ನು ಇವತ್ತಿಗೂ ತೆರೆದಿಲ್ಲ. ಮುಂದೇನಾಯಿತು ಅಂತ ಪಿಜಿ ಗೆಳೆಯನೇ ಹೇಳಿದ, ಚೆನ್ನಾಗಿಯೇ ಹೇಳಿದ.

‘ಮದುಮಗಳು’ ನಾನು ಓದಿದ್ದು 2018ರಲ್ಲಿ. ಅದೂ ದಪ್ಪ ಪುಸ್ತಕ, ಅದರಲ್ಲೂ ಹತ್ತಾರು ಜನ, ಅದೂ ನಿಧಾನ. ಆದರೆ ಆ ನಿಧಾನದಲ್ಲಿ ಕಾಡಿನ ದಾರಿಯಲ್ಲಿ ಗುತ್ತಿಯ ಹಿಂದೆ ನಡೆದ ಹಾಗೆ ಆಗುತ್ತೆ, ಒಂದು ಪುಟವೂ ಭಾರ ಅನಿಸಲಿಲ್ಲ. ಆದ್ದರಿಂದ ‘ನನಗೆ ತಾಳ್ಮೆ ಇಲ್ಲ, ಅದಕ್ಕೇ ಸಿಕ್ಕಿಕೊಂಡಿದ್ದೀನಿ’ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಹುಲಿಯನ ಭಾಗ ಓದಿ ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಮಗು ಅಳುತ್ತಿತ್ತು. “ಅಯ್ಯೋ, ನಂಗೀಗ ಅಷ್ಟೊಂದು ನೆನಪೇ ಇಲ್ಲ ಕಣೋ. ಆಮೇಲೆ ಮಾಡ್ತೀನಿ” ಅಂದಳು. ನನಗೆ ಎರಡು ವರ್ಷ ತಡವಾಗಿತ್ತು.

ಈಗ ನಿಮ್ಮ ಪ್ರಶ್ನೆ. ಬಿಟ್ಟರೆ ಒಂಬತ್ತೂ ವ್ಯರ್ಥ ಅನ್ನುತ್ತೀರಿ. ಇದೇನು ಚೀಟಿ ಕಟ್ಟಿದ ಹಾಗಾ, ಕೊನೇ ಕಂತು ಕಟ್ಟದಿದ್ದರೆ ಎಲ್ಲ ಮುಳುಗಿಹೋಗುವುದಕ್ಕೆ? ಒಂಬತ್ತನೆಯದರ ಕೊನೆ ಓದಿ ಟೆರೇಸಿನಲ್ಲಿ ನಿಂತಿದ್ದ ರಾತ್ರಿ ನನ್ನ ಹತ್ತಿರ ಇನ್ನೂ ಇದೆ. ನಿಮ್ಮ ಹತ್ತಿರವೂ ಅಂಥದ್ದೊಂದು ಇರುತ್ತೆ. ಅದನ್ನು ಹತ್ತನೇ ಪುಸ್ತಕ ಕಿತ್ತುಕೊಳ್ಳಲ್ಲ. ಬರೆದವರ ಋಣ ಅಂತಲೂ ಅಂದುಕೊಳ್ಳಬೇಡಿ. ಒಂಬತ್ತು ಪುಸ್ತಕ ಪ್ರೀತಿಯಿಂದ ಓದಿದ್ದೀರಿ, ಸಾಕು.

ಹತ್ತನ್ನು ಹಾರಿಸಿ ಹನ್ನೊಂದಕ್ಕೆ ಹೋಗಬಹುದಾ ಅಂತಲೂ ಕೇಳಿದ್ದೀರಿ. ಹೋಗಬಹುದು, ಸಾರಾಂಶ ಓದಿಕೊಂಡು ಹೋದವರಿದ್ದಾರೆ, ಹನ್ನೊಂದು ಬಿರುಸಾಗಿದೆ ಅಂತ ಅವರೆಲ್ಲ ಹೇಳುತ್ತಾರೆ. ಆದರೆ ಈಗ ಬೇಡ. ಈಗ ಮತ್ತೆ ಅದನ್ನೇ ಹಿಡಿದರೆ ನೀವು ಆಸೆಯಿಂದಲ್ಲ, ಹಟಕ್ಕೆ ಓದುತ್ತೀರಿ.

ಹತ್ತನೆಯದರಲ್ಲಿ ಇಟ್ಟಿರುವ ಗುರುತನ್ನು ಇವತ್ತೇ ತೆಗೆದು ‘ಕರ್ವಾಲೊ’ದ ಮೊದಲ ಪುಟಕ್ಕೆ ಇಡಿ. ಅದು ಚಿಕ್ಕ ಪುಸ್ತಕ, ಈ ಭಾನುವಾರಕ್ಕೆ ಮುಗಿಯುತ್ತೆ. ಮುಗಿದ ತಕ್ಷಣ ಆ ಗೆಳತಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ.